ಥಂಡರ್‌ಬರ್ಡ್ಸ್ ಡಿವಿಡಿ ಸೆಟ್: ಭಾರ ಗೊತ್ತಿದ್ದವರು ಮಾಡಿದ ಗೊಂಬೆ ಸೀರಿಯಲ್

ಎತ್ತುವ, ಇಳಿಸುವ, ಎಳೆಯುವ ಕೆಲಸವನ್ನು ಇಷ್ಟು ಗೌರವದಿಂದ ತೋರಿಸಿದ ಮಕ್ಕಳ ಸೀರಿಯಲ್ ನಾನು ಬೇರೆ ನೋಡಿಲ್ಲ. ‘ಥಂಡರ್‌ಬರ್ಡ್ಸ್’ ಇಂಗ್ಲೆಂಡಿನಲ್ಲಿ ಮೊದಲು ಪ್ರಸಾರವಾದದ್ದು 1965ರ ಸೆಪ್ಟೆಂಬರ್ 30ರಂದು. ಮರುವರ್ಷದ ಕ್ರಿಸ್‌ಮಸ್ ದಿನ ಕೊನೆಯ ಕಂತು ಬಂತು. ಒಟ್ಟು 32 ಕಂತು, ಒಂದೊಂದು ಸುಮಾರು 50 ನಿಮಿಷ. ಪಾತ್ರಗಳೆಲ್ಲ ತಂತಿಯಲ್ಲಿ ನೇತಾಡುವ ಗೊಂಬೆಗಳು. ವಿಮಾನ, ರಾಕೆಟ್, ಸೇತುವೆ, ಗಣಿ, ಸಮುದ್ರ, ಎಲ್ಲವೂ ಕೈಯಲ್ಲಿ ಮಾಡಿದ ಮಾದರಿಗಳು.

ಲಂಡನ್ನಿನಲ್ಲಿರುವ ನಮ್ಮ ದೊಡ್ಡಮ್ಮನ ಮಗ ಈ ಸಲ ಊರಿಗೆ ಬಂದಾಗ ಇದರ ಪೂರ್ತಿ ಡಿವಿಡಿ ಸೆಟ್ ತಂದುಕೊಟ್ಟರು. ಮಳೆಗಾಲದ ಭಾನುವಾರಗಳಲ್ಲಿ ನವಿ ಮುಂಬೈ ಕಾಮೋಠೆಯ ನಮ್ಮ ಮನೆಯಲ್ಲಿ ಈಗ ಇದೇ ಓಡುತ್ತದೆ. ನೋಡುವವರು ನಾನು, ಹತ್ತು ವರ್ಷದ ಮಗಳು, ಆರು ವರ್ಷದ ತಂಗಿ ಮಗ. ನಾನು ಕಲಂಬೋಲಿಯಲ್ಲಿ ಕ್ರೇನ್ ಬಾಡಿಗೆಗೆ ಕೊಡುವ ಕಂಪನಿಯೊಂದರಲ್ಲಿ ರಿಗ್ಗಿಂಗ್ (ಭಾರ ಕಟ್ಟಿ ಎತ್ತುವ ಕೆಲಸದ) ಸೂಪರ್‌ವೈಸರ್. ಹಾಗಾಗಿ ನನ್ನ ಕಣ್ಣು ಮೊದಲು ಹೋಗುವುದು ಭಾರದ ಕಡೆಗೆ. ಈ ವಿಮರ್ಶೆಯೂ ಅಲ್ಲಿಂದಲೇ ಶುರು.

ಕಥೆ ಸರಳ. ನೂರು ವರ್ಷ ಮುಂದಿನ ಕಾಲ. ಜೆಫ್ ಟ್ರೇಸಿ ಅನ್ನುವ ಹಳೆಯ ಗಗನಯಾತ್ರಿ ತನ್ನ ಐದು ಗಂಡುಮಕ್ಕಳ ಜೊತೆ ಒಂದು ದ್ವೀಪದಲ್ಲಿದ್ದಾನೆ. ಅವರದ್ದು ಗುಟ್ಟಾದ ರಕ್ಷಣಾ ತಂಡ. ಜಗತ್ತಿನಲ್ಲಿ ಎಲ್ಲೇ ಜನ ಸಿಕ್ಕಿಹಾಕಿಕೊಂಡರೂ ಹೋಗಿ ಬಿಡಿಸುತ್ತಾರೆ. ಐದು ಮಕ್ಕಳಿಗೂ ಅಮೆರಿಕದ ಮೊದಲ ಗಗನಯಾತ್ರಿಗಳ ಹೆಸರು ಇಟ್ಟಿದ್ದಾರೆ: ಸ್ಕಾಟ್, ವರ್ಜಿಲ್, ಅಲನ್, ಗಾರ್ಡನ್, ಜಾನ್. ಬಾಹ್ಯಾಕಾಶದಲ್ಲಿ ಕೂತ ಜಾನ್ ಸಹಾಯ ಕೇಳುವ ಕರೆಗಳನ್ನು ಹಿಡಿಯುತ್ತಾನೆ. ಸ್ಕಾಟ್ ವೇಗದ ರಾಕೆಟ್ ವಿಮಾನದಲ್ಲಿ ಮೊದಲು ಹೋಗಿ ಜಾಗ ನೋಡುತ್ತಾನೆ. ಏನು ಬೇಕು ಅಂತ ಗೊತ್ತಾದ ಮೇಲೆ ವರ್ಜಿಲ್ ಹೊಟ್ಟೆ ದಪ್ಪದ ಹಸಿರು ವಿಮಾನದಲ್ಲಿ ಸಾಮಾನು ತರುತ್ತಾನೆ.

ಈ ಕ್ರಮ ನೋಡಿ ನನಗೆ ಬಹಳ ಖುಷಿಯಾಯಿತು. ನಮ್ಮ ಕೆಲಸವೂ ಹೀಗೇ. ಮೊದಲು ಒಬ್ಬ ಹೋಗಿ ಸೈಟ್ ನೋಡಬೇಕು. ನೆಲ ಗಟ್ಟಿಯಿದೆಯಾ, ಮೇಲೆ ಕರೆಂಟಿನ ತಂತಿ ಇದೆಯಾ, ಟ್ರೇಲರ್ ತಿರುಗಲು ಜಾಗ ಇದೆಯಾ, ಇದೆಲ್ಲ ನೋಡಿದ ಮೇಲೆಯೇ ಯಾವ ಕ್ರೇನ್, ಭಾರಕ್ಕೆ ಕಟ್ಟುವ ಯಾವ ಸ್ಲಿಂಗ್ ಅಂತ ತೀರ್ಮಾನ. ವರ್ಜಿಲ್‌ನ ವಿಮಾನ ಥಂಡರ್‌ಬರ್ಡ್ 2ರ ಹೊಟ್ಟೆ ಬಿಚ್ಚಿ ಇಡುವಂಥದ್ದು. ಅಂಥ ಆರು ಡಬ್ಬಿಗಳಿವೆ. ಅವನ್ನು ಪಾಡ್ ಅನ್ನುತ್ತಾರೆ. ಒಂದೊಂದರಲ್ಲಿ ಒಂದೊಂದು ಬಗೆಯ ಯಂತ್ರ. ನಾಲ್ಕನೆಯದರಲ್ಲಿ ಹಳದಿ ಬಣ್ಣದ ಪುಟ್ಟ ಸಬ್‌ಮರೀನ್. ಬೇಕಾದ ಡಬ್ಬಿ ವಿಮಾನದ ಕೆಳಗೆ ಬಂದು ನಿಲ್ಲುತ್ತದೆ. ವಿಮಾನ ಅದರ ಮೇಲೆ ಕೂತು ಎತ್ತಿಕೊಳ್ಳುತ್ತದೆ. ಆಮೇಲೆ ಬಂಡೆಯ ಬಾಗಿಲು ತೆರೆಯುತ್ತದೆ, ರನ್‌ವೇ ಪಕ್ಕದ ತೆಂಗಿನಂಥ ಮರಗಳು ಆಚೆ ಈಚೆ ಬಾಗಿ ದಾರಿ ಬಿಡುತ್ತವೆ. ಈ ಹೊರಡುವ ದೃಶ್ಯ ಬಂದಾಗಲೆಲ್ಲ ತಂಗಿ ಮಗ ಎದ್ದು ನಿಲ್ಲುತ್ತಾನೆ. ಪ್ರತಿ ಸಲ ಅದೇ ದೃಶ್ಯ, ಆದರೂ ಮುಂದಕ್ಕೆ ಓಡಿಸಲು ಬಿಡುವುದಿಲ್ಲ.

ಈಗ ಭಾರದ ವಿಷಯಕ್ಕೆ ಬರುತ್ತೇನೆ. ಮೇಜಿನ ಮೇಲಿಡುವಷ್ಟು ದೊಡ್ಡ ಮಾದರಿ ಟನ್‌ಗಟ್ಟಲೆ ತೂಗುವ ವಿಮಾನದಂತೆ ಕಾಣುವುದು ಹೇಗೆ? ಇದನ್ನು ಸಾಧಿಸಿದವರು ಡೆರೆಕ್ ಮೆಡಿಂಗ್ಸ್. ಮುಂದೆ ಜೇಮ್ಸ್ ಬಾಂಡ್ ಸಿನಿಮಾಗಳಿಗೆ ಕೆಲಸ ಮಾಡಿದರು. 1978ರ ‘ಸೂಪರ್‌ಮ್ಯಾನ್’ ಸಿನಿಮಾದ ಕೆಲಸಕ್ಕೆ ಅವರಿಗೂ ಜೊತೆಯವರಿಗೂ ಆಸ್ಕರ್ ಬಂತು. ಅವರ ಉಪಾಯದ ಹಿಂದೆ ಒಂದು ಲೆಕ್ಕ ಇದೆ. ಚಿಕ್ಕ ಮಾದರಿ ಬೀಳುವ ದೂರವೂ ಚಿಕ್ಕದು, ಹಾಗಾಗಿ ಕಣ್ಣು ಮಿಟುಕಿಸುವುದರೊಳಗೆ ನೆಲ ಸೇರುತ್ತದೆ. ಅದನ್ನು ಹಾಗೇ ತೋರಿಸಿದರೆ ಆಟಿಕೆ ಬಿದ್ದಂತೆ ಕಾಣುತ್ತದೆ. ಅದಕ್ಕೆ ಕ್ಯಾಮೆರಾವನ್ನು ಬಹಳ ಜೋರಾಗಿ ಓಡಿಸಿ ಚಿತ್ರ ತೆಗೆಯಬೇಕು, ಆಮೇಲೆ ಮಾಮೂಲಿ ವೇಗದಲ್ಲಿ ತೋರಿಸಬೇಕು. ಎಷ್ಟು ಜೋರು? ಮಾದರಿ ನಿಜ ಗಾತ್ರದ 25ನೇ ಒಂದು ಭಾಗ ಇದ್ದರೆ, 25ರ ವರ್ಗಮೂಲ 5. ಸೆಕೆಂಡಿಗೆ 24 ಫ್ರೇಮಿನ ಬದಲು 120 ಫ್ರೇಮು. ಆಗ ಹೊಗೆ ನಿಧಾನ ಏಳುತ್ತದೆ, ಚಕ್ರ ನೆಲ ಮುಟ್ಟಿದಾಗ ಒಡಲು ಒಮ್ಮೆ ಕುಗ್ಗಿ ಮೇಲೆ ಬರುತ್ತದೆ, ಒಡೆದ ಗೋಡೆ ತಡೆದು ತಡೆದು ಕುಸಿಯುತ್ತದೆ.

ನಾನು ನಿಜವಾದ ಭಾರ ನೋಡಿದವನು. ನಲವತ್ತು ಟನ್ನಿನ ಗರ್ಡರ್ ಗಾಳಿಯಲ್ಲಿದ್ದಾಗ ಅದಕ್ಕೆ ಯಾವ ಗಡಿಬಿಡಿಯೂ ಇರುವುದಿಲ್ಲ. ಭಾರಕ್ಕೆ ಕಟ್ಟಿ ಕೆಳಗಿನಿಂದ ಹಿಡಿಯುವ ಹಗ್ಗ, ಟ್ಯಾಗ್ ಲೈನ್, ಎಳೆದರೆ ಸ್ವಲ್ಪ ಹೊತ್ತು ಬಿಟ್ಟು ತಿರುಗುತ್ತದೆ. ತಿರುಗಲು ಶುರುವಾದರೆ ಬೇಗ ನಿಲ್ಲುವುದಿಲ್ಲ. ಕೆಳಗೆ ನಿಂತ ಖಲಾಸಿ ‘ಆರಿಯಾ, ಆರಿಯಾ’ (ಇಳಿಸು, ಇಳಿಸು) ಅಂತ ನಿಧಾನ ಕೈ ಆಡಿಸುತ್ತಿರುತ್ತಾನೆ, ಉಳಿದವರೆಲ್ಲ ಬಾಯಿ ಮುಚ್ಚಿ ನೋಡುತ್ತಿರುತ್ತಾರೆ. ಈಗಿನ ಕಂಪ್ಯೂಟರ್ ಕೆಲಸದ ಎಷ್ಟೋ ಸಿನಿಮಾಗಳಲ್ಲಿ ಲಾರಿಗಳು, ಕಂಟೇನರ್‌ಗಳು ಖಾಲಿ ರಟ್ಟಿನ ಪೆಟ್ಟಿಗೆಯ ಹಾಗೆ ಹಾರಾಡುತ್ತವೆ. ನನಗೆ ಭಯವೇ ಆಗುವುದಿಲ್ಲ. ಅರವತ್ತು ವರ್ಷದ ಹಿಂದಿನ ಈ ಪ್ಲಾಸ್ಟಿಕ್ಕು, ಮರ, ಬಣ್ಣದ ಯಂತ್ರಗಳನ್ನು ನೋಡುವಾಗ ಕುರ್ಚಿಯ ತುದಿಗೆ ಬಂದಿರುತ್ತೇನೆ.

ಇನ್ನೊಂದು ವಿಷಯ, ಕೊಳೆ. ಯಾವ ಯಂತ್ರವೂ ಶೋರೂಮಿನಿಂದ ಬಂದ ಹಾಗೆ ಹೊಳೆಯುವುದಿಲ್ಲ. ಮಸಿ ಹಿಡಿದಿದೆ, ಬಣ್ಣ ಕಿತ್ತಿದೆ, ತಗಡಿನ ಜೋಡಣೆಯ ಗೆರೆಗಳು ಕಾಣುತ್ತವೆ. ಮೆಡಿಂಗ್ಸ್ ತಂಡ ಬೇಕಂತಲೇ ಮಾದರಿಗಳನ್ನು ಹೀಗೆ ಹಳತು ಮಾಡುತ್ತಿತ್ತು. ದುಡಿದ ಯಂತ್ರ ಹೀಗೇ ಇರುತ್ತದೆ. ಕಲಂಬೋಲಿ ಸ್ಟೀಲ್ ಮಾರ್ಕೆಟ್ಟಿನಲ್ಲಿ ನಿಂತ ಯಾವ ಹೈಡ್ರಾ ಕ್ರೇನನ್ನು ಬೇಕಾದರೂ ನೋಡಿ.

ಮೊದಲ ಕಂತು ‘ಟ್ರ್ಯಾಪ್ಡ್ ಇನ್ ದ ಸ್ಕೈ’. ಅಣುಶಕ್ತಿಯಿಂದ ಹಾರುವ ದೊಡ್ಡ ಪ್ರಯಾಣಿಕರ ವಿಮಾನ, ಅದರ ಚಕ್ರದ ಹತ್ತಿರ ಬಾಂಬ್. ಚಕ್ರ ನೆಲ ಮುಟ್ಟಿದರೆ ಸಿಡಿಯುತ್ತದೆ. ಹಾರುತ್ತಲೇ ಇದ್ದರೆ ವಿಕಿರಣ ಒಳಗಿನವರನ್ನು ಕೊಲ್ಲುತ್ತದೆ. ವರ್ಜಿಲ್ ತಂದ ಎಲಿವೇಟರ್ ಕಾರುಗಳು ರನ್‌ವೇ ಮೇಲೆ ವಿಮಾನದ ಕೆಳಗೇ ಓಡಬೇಕು, ವಿಮಾನ ಅವುಗಳ ಬೆನ್ನ ಮೇಲೆ ಇಳಿಯಬೇಕು. ಓಡುವ ಟ್ರೇಲರ್ ಮೇಲೆ ಲೋಡ್ ಇಳಿಸುವ ಕೆಲಸ! ನಿಂತ ಟ್ರೇಲರ್ ಮೇಲೆ ಇಳಿಸುವಾಗಲೇ ನಮಗೆ ಬೆವರು ಇಳಿಯುತ್ತದೆ. ಈ ದೃಶ್ಯಕ್ಕೆ ಅವರು ರನ್‌ವೇಯನ್ನೇ ಸುತ್ತುವ ಪಟ್ಟಿ ಮಾಡಿ, ಕ್ಯಾಮೆರಾದ ಮುಂದೆ ಮಾದರಿಯನ್ನು ಇದ್ದಲ್ಲೇ ಹಿಡಿದು ಕೆಳಗಿನ ನೆಲ ಓಡಿಸಿದರು. ಇದು ಗೊತ್ತಾದ ಮೇಲೂ ನನ್ನ ಕಣ್ಣಿಗೆ ವಿಮಾನವೇ ಓಡಿದಂತೆ ಕಾಣುತ್ತದೆ.

ಗೊಂಬೆಗಳ ಬಗ್ಗೆ ಹೇಳದಿದ್ದರೆ ಆಗುವುದಿಲ್ಲ. ನನ್ನ ಊರು ಕುಂದಾಪುರದ ಹತ್ತಿರ. ಉಪ್ಪಿನಕುದ್ರಿನ ಕೊಗ್ಗ ಕಾಮತರ ಮನೆತನದ ಯಕ್ಷಗಾನ ಗೊಂಬೆಯಾಟ ನೋಡಿ ಬೆಳೆದವರು ನಾವು. ಅಲ್ಲಿ ಗೊಂಬೆ ತಾಳಕ್ಕೆ ಸರಿಯಾಗಿ ಹೆಜ್ಜೆ ಹಾಕುತ್ತದೆ. ಬಾಯಿ ಅಲ್ಲಾಡುವುದಿಲ್ಲ, ಮಾತು ಹಿಂದಿನಿಂದ ಬರುತ್ತದೆ, ಆದರೂ ನಮಗೆ ಗೊಂಬೆಯೇ ಮಾತಾಡಿದಂತೆ. ಜೀವ ಇರುವುದು ಕಾಲಿನಲ್ಲಿ. ಥಂಡರ್‌ಬರ್ಡ್ಸ್‌ನಲ್ಲಿ ಪೂರ್ತಿ ಉಲ್ಟಾ. ಸುಮಾರು ಎರಡು ಅಡಿ ಎತ್ತರದ ಗೊಂಬೆ. ತಲೆಯೊಳಗೆ ಸೊಲೆನಾಯ್ಡ್, ಅಂದರೆ ಕರೆಂಟು ಬಂದಾಗ ಎಳೆಯುವ ಚಿಕ್ಕ ಸುರುಳಿ. ನಟರ ಮಾತನ್ನು ಮೊದಲೇ ಟೇಪಿನಲ್ಲಿ ಹಿಡಿದಿಟ್ಟು, ಆ ಟೇಪಿನಿಂದ ಬರುವ ಸಿಗ್ನಲ್ ತೆಳು ತಂತಿಯಲ್ಲೇ ಇಳಿದು ತುಟಿ ಅಲ್ಲಾಡಿಸುತ್ತದೆ. ಗೊಂಬೆಯನ್ನು ಹಿಡಿದ ತಂತಿಯೇ ಕರೆಂಟನ್ನೂ ಒಯ್ಯುತ್ತದೆ! ಸುರುಳಿಗೆ ಜಾಗ ಬೇಕು, ಹಾಗಾಗಿ ಮೈಗೆ ಹೋಲಿಸಿದರೆ ತಲೆ ದೊಡ್ಡದಾಗಿ ಕಾಣುತ್ತದೆ. ನಗುವ ತಲೆ, ಸಿಟ್ಟಿನ ತಲೆ ಅಂತ ಬದಲಾಯಿಸುತ್ತಾರೆ. ಕ್ರಿಸ್ಟೀನ್ ಗ್ಲ್ಯಾನ್‌ವಿಲ್, ಮೇರಿ ಟರ್ನರ್ ಮುಂತಾದವರು ಮೇಲಿನ ಅಟ್ಟದಲ್ಲಿ ನಿಂತು ತಂತಿ ಹಿಡಿಯುತ್ತಿದ್ದರು.

ಆದರೆ ನಡೆಯಲು ಬರುವುದಿಲ್ಲ. ತಂಗಿ ಮಗ ಬೇಗನೇ ಹಿಡಿದುಬಿಟ್ಟ: “ಮಾವ, ಇವ್ರ್ ನಡೂದೇ ಇಲ್ಯಾ?” ಹೌದು, ಹೆಚ್ಚಾಗಿ ನಡೆಯುವುದಿಲ್ಲ. ಕೂತಲ್ಲಿಂದ ಕುರ್ಚಿಯೇ ಜಾರುತ್ತದೆ, ಗೋಡೆ ತಿರುಗುತ್ತದೆ, ವರ್ಜಿಲ್ ಚಿತ್ರಪಟದ ಹಿಂದಿನ ಜಾರುಬಂಡೆಯಲ್ಲಿ ತಲೆಕೆಳಗಾಗಿ ವಿಮಾನದೊಳಗೆ ಇಳಿಯುತ್ತಾನೆ. ಗುಂಡಿ ಒತ್ತುವಾಗ ಹತ್ತಿರದಿಂದ ತೋರಿಸುವುದು ನಿಜವಾದ ಮನುಷ್ಯರ ಕೈ. ಗೊಂಬೆಗೆ ನಡೆಯಲು ಬರದ ಕಾರಣಕ್ಕೇ ಇಷ್ಟು ಯಂತ್ರಗಳು ಹುಟ್ಟಿಕೊಂಡವು ಅನ್ನಿಸುತ್ತದೆ ನನಗೆ. ಎರಡೂ ಗೊಂಬೆಯಾಟವೇ. ಒಂದರಲ್ಲಿ ಕಾಲು ಕಥೆ ಹೇಳುತ್ತದೆ, ಇನ್ನೊಂದರಲ್ಲಿ ತುಟಿ ಮತ್ತು ಯಂತ್ರ. ಇವೆರಡನ್ನು ಹೋಲಿಸಿ ಯಾವುದು ಮೇಲು ಅಂತ ಹೇಳಲು ನನಗೆ ಮನಸ್ಸಿಲ್ಲ. ಮಗಳನ್ನು ಈ ಸಲ ಊರಿಗೆ ಹೋದಾಗ ಉಪ್ಪಿನಕುದ್ರಿಗೂ ಕರೆದುಕೊಂಡು ಹೋಗಬೇಕು.

ಈ ಸೀರಿಯಲ್ ಹುಟ್ಟಿದ್ದು ಒಂದು ನಿಜವಾದ ದುರಂತದಿಂದ. 1963ರ ಅಕ್ಟೋಬರಿನಲ್ಲಿ ಪಶ್ಚಿಮ ಜರ್ಮನಿಯ ಲೆಂಗೆಡೆ ಕಬ್ಬಿಣದ ಗಣಿಗೆ ನೀರು ನುಗ್ಗಿತು. 29 ಜನ ತೀರಿಕೊಂಡರು. ಕೊನೆಯ 11 ಜನರನ್ನು ಎರಡು ವಾರದ ಮೇಲೆ, ನವೆಂಬರ್ 7ರಂದು, ಕೊರೆದ ತೂತಿನಿಂದ ಒಬ್ಬೊಬ್ಬರನ್ನಾಗಿ ಮೇಲೆ ಎತ್ತಿದರು. ಕೊರೆಯುವ ದೊಡ್ಡ ಯಂತ್ರ ದೂರದಿಂದ ಬರಬೇಕಾಗಿತ್ತು. ಈ ಸುದ್ದಿ ಕೇಳಿದ ಗೆರಿ ಆಂಡರ್ಸನ್ ಅವರಿಗೆ ಅನ್ನಿಸಿತು, ಇಂಥ ಯಂತ್ರಗಳೆಲ್ಲ ಒಂದು ಕಡೆ ತಯಾರಾಗಿದ್ದು ಕರೆದ ತಕ್ಷಣ ಹಾರಿಬಂದರೆ? ಅವರೂ ಹೆಂಡತಿ ಸಿಲ್ವಿಯಾ ಆಂಡರ್ಸನ್ ಅವರೂ ಕೂತು ಥಂಡರ್‌ಬರ್ಡ್ಸ್ ಕಟ್ಟಿದರು. ಹೆಸರಿನ ಹಿಂದೆಯೂ ಒಂದು ನೋವಿದೆ. ಗೆರಿಯವರ ಅಣ್ಣ ಲಿಯೊನೆಲ್ ಎರಡನೇ ಮಹಾಯುದ್ಧದಲ್ಲಿ ತೀರಿಕೊಂಡ ಪೈಲಟ್. ತರಬೇತಿಗೆ ಅಮೆರಿಕದಲ್ಲಿದ್ದಾಗ ಮನೆಗೆ ಬರೆದ ಕಾಗದದಲ್ಲಿ ಥಂಡರ್‌ಬರ್ಡ್ ಫೀಲ್ಡ್ ಅನ್ನುವ ವಿಮಾನ ನಿಲ್ದಾಣದ ಮಾತು ಇತ್ತು.

2023ರ ನವೆಂಬರಿನಲ್ಲಿ ಉತ್ತರಕಾಶಿಯ ಸಿಲ್ಕ್ಯಾರಾ ಸುರಂಗ ಕುಸಿದು 41 ಕಾರ್ಮಿಕರು ಒಳಗೆ ಸಿಕ್ಕಿಕೊಂಡಿದ್ದರಲ್ಲ, ಆ 17 ದಿನ ನಮ್ಮ ಯಾರ್ಡಿನಲ್ಲಿ ಬೇರೆ ಮಾತೇ ಇರಲಿಲ್ಲ. ಕೊರೆಯುವ ಆಗರ್ ಯಂತ್ರವನ್ನು ಬಿಡಿಬಿಡಿ ಮಾಡಿ ವಾಯುಪಡೆಯ ವಿಮಾನದಲ್ಲಿ ತಂದರು. ಥಂಡರ್‌ಬರ್ಡ್ 2 ಮಾಡುವ ಕೆಲಸವೇ ಅದು. ಕೊನೆಯಲ್ಲಿ ಆ ಯಂತ್ರ ಕಬ್ಬಿಣಕ್ಕೆ ಸಿಕ್ಕಿ ಮುರಿಯಿತು. ಉಳಿದ ಹತ್ತು ಹನ್ನೆರಡು ಮೀಟರನ್ನು ಇಲಿಬಿಲದ ಗಣಿ ಕೆಲಸ (ಕಿರಿದಾದ ತೂತಿನೊಳಗೆ ನುಸುಳಿ ಅಗೆಯುವುದು) ಗೊತ್ತಿದ್ದ ಬಡ ಕಾರ್ಮಿಕರು ಕೈಯಲ್ಲಿ ಅಗೆದು ದಾರಿ ಮಾಡಿದರು. 41 ಜನರೂ ಬದುಕಿ ಬಂದರು. ಈ ಸೀರಿಯಲ್ ನೋಡುವಾಗ ನನಗೆ ಮತ್ತೆ ಮತ್ತೆ ಅವರ ನೆನಪಾಗುತ್ತದೆ. ಮಗಳಿಗೂ ಆ ಕಥೆ ಪೂರ್ತಿ ಹೇಳಿದೆ. 1989ರಲ್ಲಿ ರಾಣಿಗಂಜ್ ಕಲ್ಲಿದ್ದಲು ಗಣಿಯಲ್ಲಿ ಜಸ್ವಂತ್ ಸಿಂಗ್ ಗಿಲ್ ಅವರು ಉಕ್ಕಿನ ಕ್ಯಾಪ್ಸೂಲಿನಲ್ಲಿ ಕೆಳಗಿಳಿದು 65 ಜನರನ್ನು ಎತ್ತಿಸಿದ್ದನ್ನೂ ಹೇಳಿದೆ. ಮಕ್ಕಳ ಸೀರಿಯಲ್‌ಗಳಲ್ಲಿ ಹೆಚ್ಚಾಗಿ ಯಾರನ್ನಾದರೂ ಹೊಡೆದರೆ ಗೆಲುವು. ಇಲ್ಲಿ ಗೆಲುವು ಅಂದರೆ ಯಾರೋ ಗುರುತಿಲ್ಲದವರು ಉಸಿರಾಡುತ್ತಾ ಹೊರಗೆ ಬರುವುದು. ನನ್ನ ಮಗಳು ಇದನ್ನು ನೋಡಬೇಕು ಅಂತ ನಾನು ಹಟ ಹಿಡಿದದ್ದು ಇದಕ್ಕೇ.

ಯಾವ ಕಂತಿನಿಂದ ಶುರು ಮಾಡಬೇಕು? ಮೊದಲನೆಯದರಿಂದಲೇ. ಆಮೇಲೆ ‘ಪಿಟ್ ಆಫ್ ಪೆರಿಲ್’. ಸೈನ್ಯದ ನಡೆಯುವ ದೈತ್ಯ ಯಂತ್ರ, 500 ಟನ್, ಉರಿಯುವ ಗುಂಡಿಯೊಳಗೆ ಬೀಳುತ್ತದೆ. ಅದನ್ನು ಕೇಬಲ್ ಹಾಕಿ ಎಳೆಯಬೇಕು. ರಿಗ್ಗಿಂಗ್ ಕೆಲಸದವರು ಇದೊಂದನ್ನಾದರೂ ನೋಡಿ. ‘ಟೆರರ್ ಇನ್ ನ್ಯೂಯಾರ್ಕ್ ಸಿಟಿ’ಯಲ್ಲಿ ಎಂಪೈರ್ ಸ್ಟೇಟ್ ಕಟ್ಟಡವನ್ನೇ ಇಡಿಯಾಗಿ ಬೇರೆ ಕಡೆಗೆ ಸರಿಸುತ್ತಾರೆ, ನೆಲ ಕುಸಿಯುತ್ತದೆ. ಈ ಕಂತಿನ ಶುರುವಿನಲ್ಲೇ ಥಂಡರ್‌ಬರ್ಡ್ 2 ಪೆಟ್ಟು ತಿಂದು ಕೆಲಸಕ್ಕೆ ಬಾರದಂತಾಗುತ್ತದೆ. ಆಗ ಇವರು ಏನು ಮಾಡುತ್ತಾರೆ ಅನ್ನುವುದೇ ಕಥೆ. ಮುಖ್ಯ ಕ್ರೇನ್ ಕೆಟ್ಟ ದಿನದ ಸಂಕಟ ಗೊತ್ತಿದ್ದವರಿಗೆ ಇದು ಹೊಟ್ಟೆಗೆ ತಾಗುತ್ತದೆ. ‘ಅಟ್ಯಾಕ್ ಆಫ್ ದ ಅಲಿಗೇಟರ್ಸ್’ನಲ್ಲಿ ನಿಜವಾದ ಮೊಸಳೆ ಮರಿಗಳನ್ನು ಚಿಕ್ಕ ಮನೆಯ ಮಾದರಿಯ ಪಕ್ಕ ಬಿಟ್ಟು ದೈತ್ಯ ಮೊಸಳೆ ಮಾಡಿದ್ದಾರೆ. ಮಕ್ಕಳು ಕಿರುಚಿ ನೋಡಿದರು. ನನಗೆ ಆ ಮರಿಗಳ ಪಾಡು ನೋಡಿ ಸಮಾಧಾನವಾಗಲಿಲ್ಲ.

ಕೊರತೆಗಳೂ ಇವೆ. ಮೊದಲು 25 ನಿಮಿಷದ ಕಂತುಗಳು ಅಂತ ಚಿತ್ರೀಕರಣ ಶುರುವಾಗಿತ್ತು. ಹಣ ಹಾಕಿದ ಲ್ಯೂ ಗ್ರೇಡ್ ಮೊದಲ ಕಂತು ನೋಡಿ ಮೆಚ್ಚಿ, ಇದು ಸಿನಿಮಾದಷ್ಟು ದೊಡ್ಡದು, ಉದ್ದ ಮಾಡಿ ಅಂದರು. ಆಗಲೇ ತಯಾರಾಗಿದ್ದ ಕಂತುಗಳಿಗೆ ಹೊಸ ದೃಶ್ಯ ಸೇರಿಸಿದರು. ಕೆಲವು ಕಡೆ ಆ ಜೋಡಣೆ ಗೊತ್ತಾಗುತ್ತದೆ. ಮಾತು ಜಾಸ್ತಿ, ಕಥೆ ಮುಂದಕ್ಕೆ ಹೋಗುವುದಿಲ್ಲ. ತಂಗಿ ಮಗ ಅಲ್ಲಿ ಎದ್ದು ಚಕ್ಕುಲಿ ಡಬ್ಬ ಹುಡುಕಲು ಹೋಗುತ್ತಾನೆ.

ಅದಕ್ಕಿಂತ ದೊಡ್ಡದು ಖಳನ ವಿಷಯ. ಹುಡ್ ಅನ್ನುವ ಖಳ ಮಲೇಷ್ಯಾ ಕಡೆಯವನು. ಬೋಳು ತಲೆ, ಹೊಳೆಯುವ ಕಣ್ಣು, ಮಾಟದಂಥ ಶಕ್ತಿ. ಟ್ರೇಸಿ ಮನೆಯ ಸೇವಕ ಕಿರಾನೋ ಇವನ ಮಲಸಹೋದರ. ಏಷ್ಯಾದವರು ಅಂದರೆ ಒಬ್ಬ ಮಾಟಗಾರ, ಇನ್ನೊಬ್ಬ ಸೇವಕ. ಇದು ಆ ಕಾಲದ ಬ್ರಿಟಿಷರ ನೋಟ, ನನಗೆ ಚೂರೂ ಹಿಡಿಸಲಿಲ್ಲ. ಮಗಳ ಹತ್ತಿರ ಇದನ್ನು ಬಿಡಿಸಿ ಹೇಳಿದೆ. ಹೆಣ್ಣುಮಕ್ಕಳ ವಿಷಯದಲ್ಲೂ ಅರ್ಧ ಸರಿ, ಅರ್ಧ ತಪ್ಪು. ಗುಲಾಬಿ ಬಣ್ಣದ, ಆರು ಚಕ್ರದ ರೋಲ್ಸ್ ರಾಯ್ಸ್‌ನಲ್ಲಿ ಓಡಾಡುವ ಗೂಢಚಾರಿಣಿ ಲೇಡಿ ಪೆನೆಲೋಪ್ ಎಂಥ ಕಷ್ಟದಲ್ಲೂ ಹೆದರುವುದಿಲ್ಲ. ಅವಳಿಗೆ ದನಿ ಕೊಟ್ಟವರು ಸಿಲ್ವಿಯಾ ಅವರೇ. ಡ್ರೈವರ್ ಪಾರ್ಕರ್ ಜೊತೆಗಿನ ಅವಳ ಮಾತುಕತೆ ಮಗಳಿಗೆ ಬಾಯಿಪಾಠ. ಆದರೆ ಕಿರಾನೋನ ಓದಿದ ಮಗಳು ಟಿನ್-ಟಿನ್ ಎಷ್ಟೋ ಕಂತುಗಳಲ್ಲಿ ಮನೆಯಲ್ಲೇ ಕೂತಿರುತ್ತಾಳೆ. “ಅವಳನ್ನು ಯಾಕೆ ಕರೆದುಕೊಂಡು ಹೋಗುವುದಿಲ್ಲ ಅಪ್ಪ?” ಅಂತ ಮಗಳು ಕೇಳಿದ್ದು ಸರಿಯೇ. ದೊಡ್ಡವರು ಸಿಗರೇಟು ಸೇದುವ ದೃಶ್ಯಗಳೂ ಬರುತ್ತವೆ, ಪಕ್ಕದಲ್ಲಿ ಕೂತಿರಿ.

ಸಂಗೀತ ಬ್ಯಾರಿ ಗ್ರೇ ಅವರದ್ದು. 5, 4, 3, 2, 1 ಅಂತ ಎಣಿಸಿ ಮಾರ್ಚ್ ಶುರುವಾದರೆ ಅಡುಗೆಮನೆಯಿಂದ ನನ್ನ ಹೆಂಡತಿಯೂ ಇಣುಕುತ್ತಾಳೆ. ನಮ್ಮ ಟೀವಿಯ ಸ್ಪೀಕರ್ ಸಾಲಲಿಲ್ಲ, ಬೇರೆ ಸ್ಪೀಕರ್ ಜೋಡಿಸಿದೆ. ಜೋಡಿಸುವುದು ಒಳ್ಳೆಯದು.

ಕೊಳ್ಳುವವರಿಗೆ ಎರಡು ಮಾತು. ಡಿವಿಡಿ ಯಾವ ದೇಶಗಳ ಪ್ಲೇಯರಿಗೆ ಅಂತ ಹೇಳುವ ನಂಬರು ರೀಜನ್. ಇಂಗ್ಲೆಂಡಿನ ಡಿವಿಡಿ 2ನೇ ರೀಜನ್, ನಮ್ಮ ದೇಶದ್ದು 5ನೇ ರೀಜನ್. ಮಾಮೂಲಿ ಪ್ಲೇಯರ್ ಇದನ್ನು ಒಪ್ಪದೇ ಇರಬಹುದು. ಮುಂಬೈ ಲ್ಯಾಮಿಂಗ್ಟನ್ ರೋಡಿನ ಒಂದು ಅಂಗಡಿಯವರು ಎಲ್ಲ ರೀಜನ್ ಓಡುತ್ತದೆ ಅಂತ ಕೊಟ್ಟ ಪ್ಲೇಯರ್ ಮನೆಗೆ ತಂದರೆ ಓಡಲಿಲ್ಲ. ವಾಪಸು ಒಯ್ದು ಜಗಳ ಮಾಡಿ ಬದಲಾಯಿಸಬೇಕಾಯಿತು. ಡಿಸ್ಕ್ ಜೊತೆಗೆ ಒಯ್ದು ಅಂಗಡಿಯಲ್ಲೇ ಹಾಕಿ ನೋಡಿ. ಚಿತ್ರ ಹಳೆ ಟೀವಿಯ 4:3 ಅಳತೆಯದ್ದು, ಎರಡು ಕಡೆ ಕಪ್ಪು ಪಟ್ಟಿ ಬರುತ್ತದೆ. ಟೀವಿ ತುಂಬಲಿ ಅಂತ ಹಿಗ್ಗಿಸಬೇಡಿ, ರಾಕೆಟ್ಟುಗಳೆಲ್ಲ ಕುಳ್ಳಗಾಗುತ್ತವೆ. 35 ಎಂಎಂ ಫಿಲ್ಮಿನಲ್ಲಿ ತೆಗೆದ ಚಿತ್ರ, ಅದಕ್ಕೇ ಈಗಲೂ ಇಷ್ಟು ಚೊಕ್ಕ. ಕಣ್ಣಿಟ್ಟು ನೋಡಿದರೆ ತಂತಿ ಕಾಣುತ್ತದೆ, ಮಕ್ಕಳು ಅದನ್ನು ಹುಡುಕುವುದನ್ನೇ ಒಂದು ಆಟ ಮಾಡಿಕೊಂಡಿದ್ದಾರೆ. 1966 ಮತ್ತು 1968ರ ಎರಡು ಸಿನಿಮಾಗಳು ನನ್ನ ಸೆಟ್ಟಿನಲ್ಲಿಲ್ಲ. 2015ರಲ್ಲಿ ಶುರುವಾದ ಹೊಸ ಕಂಪ್ಯೂಟರ್ ಸರಣಿ ಬೇರೆಯೇ, ಹೆಸರು ನೋಡಿ ಕೊಳ್ಳಿ. ವಯಸ್ಸು ಆರರಿಂದ ಮೇಲೆ ಸಾಕು. ಇಂಗ್ಲಿಷ್ ಅರ್ಥವಾಗದ ಕಡೆ ನಿಲ್ಲಿಸಿ ಹೇಳುತ್ತೇನೆ. ಯಂತ್ರದ ದೃಶ್ಯಗಳಿಗೆ ಅದೂ ಬೇಕಾಗುವುದಿಲ್ಲ.

ಇನ್ನೊಂದು ಸಂಗತಿ ಮೊದಲೇ ತಿಳಿದಿರಲಿ. ಎಣಿಕೆ ಮುಗಿದ ಕೂಡಲೇ ಆ ದಿನದ ಕಂತಿನ ದೃಶ್ಯಗಳೇ ಸರಸರ ಬಂದು ಹೋಗುತ್ತವೆ. ಯಾವುದು ಸಿಡಿಯುತ್ತದೆ, ಯಾವುದು ಬೀಳುತ್ತದೆ, ಎಲ್ಲ ಅಲ್ಲೇ ಕಾಣುತ್ತದೆ. ಕಥೆ ಮೊದಲೇ ಗೊತ್ತಾಗಬಾರದು ಅನ್ನುವವರು ಅಷ್ಟನ್ನು ಮುಂದಕ್ಕೆ ಓಡಿಸಿಬಿಡಿ. ನಮ್ಮ ಮನೆಯಲ್ಲಿ ಮಗಳು ಆಗ ದಿಂಬು ಮುಖಕ್ಕೆ ಹಿಡಿಯುತ್ತಾಳೆ, ತಂಗಿ ಮಗ ಅದನ್ನೇ ಇನ್ನೊಮ್ಮೆ ಹಾಕಿಸುತ್ತಾನೆ.